ಮಧ್ಯಯುಗದ ಅವಶೇಷ ಕರಂಡಕಗಳು ಮತ್ತು ಚರ್ಚ್ ಭಂಡಾರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕರಂಡಕದ ಒಳಗೆ ನಿಜವಾಗಿ ಏನಿರುತ್ತದೆ?

ಕರಂಡಕವೆಂದರೆ ಸಂತರ ಅವಶೇಷಗಳನ್ನಿಡುವ ಪೆಟ್ಟಿಗೆ. ಒಳಗಿರುವುದು ಸಂತರ ಎಲುಬಿನ ಚೂರು, ಹಲ್ಲು, ಕೂದಲು, ಉಟ್ಟ ಬಟ್ಟೆಯ ತುಣುಕು, ಯೇಸುವಿನ ಶಿಲುಬೆಯದೆಂದು ನಂಬಿದ ಮರದ ಸಿಬಿರು, ಸಮಾಧಿಯ ಮಣ್ಣು, ಅಲ್ಲಿ ಉರಿದ ದೀಪದ ಎಣ್ಣೆ. ಹೊರಗಿನ ಥಳಕು ನೋಡಿ ಒಳಗೂ ಏನೋ ಭಾರಿ ವಸ್ತು ಇರಬೇಕೆಂದುಕೊಂಡರೆ ನಿರಾಸೆಯಾಗುತ್ತದೆ. ತೆರೆದಾಗ ಸಾಮಾನ್ಯವಾಗಿ ಸಿಗುವುದು ರೇಷ್ಮೆ ಚೂರಿನಲ್ಲಿ ಸುತ್ತಿ ದಾರ ಕಟ್ಟಿದ ಬೆರಳ ತುದಿಯಷ್ಟು ಗಂಟುಗಳು. ಪ್ರತಿ ಗಂಟಿಗೂ ಕಿರುಬೆರಳಗಲದ ಚರ್ಮಪತ್ರದ ಪಟ್ಟಿ, ಅದರ ಮೇಲೆ ಸಂತರ ಹೆಸರು. ಫ್ರಾನ್ಸಿನ ಸಾನ್ಸ್ ಮತ್ತು ಶೆಲ್‌ಗಳಲ್ಲಿ 7–8ನೇ ಶತಮಾನದ ಇಂಥ ಪಟ್ಟಿಗಳು ಉಳಿದಿವೆ.

ಆ ಪಟ್ಟಿಯನ್ನು ಹಗುರವಾಗಿ ನೋಡಬೇಡಿ. ಅದು ಕಳೆದುಹೋದರೆ ಎಲುಬು ಬರೀ ಎಲುಬು. ಸುತ್ತಿದ ರೇಷ್ಮೆಯೂ ಅಷ್ಟೇ ಮುಖ್ಯ: ಬೈಜಾಂಟಿಯಮ್‌ನಿಂದಲೂ ಅರಬ್ ನಾಡುಗಳಿಂದಲೂ ಬಂದ ಎಷ್ಟೋ ಹಳೆಯ ನೇಯ್ಗೆಗಳು ಬೆಳಕು ತಾಗದೆ ಈ ಪೆಟ್ಟಿಗೆಗಳಲ್ಲೇ ಬದುಕಿಕೊಂಡವು.

ಪ್ರತಿ ಚರ್ಚಿಗೂ ಅವಶೇಷ ಏಕೆ ಬೇಕಾಗಿತ್ತು?

787ರ ಎರಡನೇ ನೈಸಿಯಾ ಧರ್ಮಸಭೆ ಅವಶೇಷವಿಲ್ಲದೆ ಚರ್ಚನ್ನು ಪ್ರತಿಷ್ಠೆ ಮಾಡಕೂಡದು ಎಂದು ವಿಧಿಸಿತು. ಬಲಿಪೀಠದೊಳಗೆ ಮುಚ್ಚಿಡಲು ಒಂದು ಚಿಕ್ಕ ಚೂರು ಸಾಕು. ದೊಡ್ಡ ಕರಂಡಕಗಳ ಕಥೆ ಬೇರೆ: ಯಾತ್ರಿಕರು, ಕಾಣಿಕೆ, ಊರಿನ ಪ್ರತಿಷ್ಠೆ, ಮೆರವಣಿಗೆ. ನಕ್ಷತ್ರ ಕಂಡು ಮಗು ಯೇಸುವನ್ನು ನೋಡಲು ಬಂದ ಮೂವರು ಜೋಯಿಸರದೆಂದು ನಂಬಿದ ಎಲುಬುಗಳನ್ನು 1164ರಲ್ಲಿ ಮಿಲಾನಿನಿಂದ ಜರ್ಮನಿಯ ಕಲೋನಿಗೆ ತಂದ ಆರ್ಚ್‌ಬಿಷಪ್ ರೈನಾಲ್ಡ್ ಫಾನ್ ಡಾಸೆಲ್, ಆ ಒಂದು ಕೆಲಸದಿಂದಲೇ ಕಲೋನನ್ನು ಯುರೋಪಿನ ದೊಡ್ಡ ಯಾತ್ರಾಸ್ಥಳಗಳ ಸಾಲಿಗೆ ಸೇರಿಸಿದ.

ಇವೆಲ್ಲ ಅಪ್ಪಟ ಚಿನ್ನದವೇ?

ಬಹುತೇಕ ಅಲ್ಲ. ಮರದ ಒಡಲು, ಅದರ ಮೇಲೆ ಒಂದು ಮಿಲಿಮೀಟರಿಗಿಂತ ತೆಳುವಾದ ಬೆಳ್ಳಿ ತಗಡು, ಬೆಳ್ಳಿಯ ಮೇಲೆ ಚಿನ್ನದ ಮುಲಾಮು (ತೆಳು ಲೇಪನ): ಇದೇ ರೂಢಿ. ಕಡಿಮೆ ಖರ್ಚಿನದಾದರೆ ಬೆಳ್ಳಿಯ ಬದಲು ತಾಮ್ರ. ಅಪ್ಪಟ ಚಿನ್ನವನ್ನು ಕಣ್ಣಿಗೆ ಮೊದಲು ಬೀಳುವ ಕಡೆ ಮಾತ್ರ ಹಾಕುತ್ತಿದ್ದರು. ಕಲೋನಿನ ಮೂವರು ಜೋಯಿಸರ ಪೆಟ್ಟಿಗೆಯಲ್ಲಿ ಮುಂಬದಿ ಚಿನ್ನದ ತಗಡು, ಉಳಿದ ಬಹುಭಾಗ ಮುಲಾಮಿನ ಬೆಳ್ಳಿ. ಆ ಚಿನ್ನ ಜರ್ಮನ್ ದೊರೆ ನಾಲ್ಕನೇ ಒಟ್ಟೋ ಕೊಟ್ಟದ್ದು. ಮುಂಬದಿಯಲ್ಲಿ ಮೂವರು ಜೋಯಿಸರ ಹಿಂದೆ ನಾಲ್ಕನೆಯವನಾಗಿ ಅವನೇ ನಿಂತಿದ್ದಾನೆ. ದಾನಿಯ ಹೆಸರು ಕೆತ್ತಿಸುವ ಆಸೆ ಎಲ್ಲ ಕಾಲಕ್ಕೂ ಇದ್ದದ್ದೇ.

ದೊಡ್ಡ ಪೆಟ್ಟಿಗೆಯೊಂದನ್ನು ಕಟ್ಟುತ್ತಿದ್ದ ಕ್ರಮ ಹೇಗೆ?

ಮೊದಲು ಬಡಗಿ. ಓಕ್‌ನಂಥ ಗಟ್ಟಿ ಮರದಲ್ಲಿ ಪೆಟ್ಟಿಗೆಯ ಒಡಲು ಸಿದ್ಧವಾಗುತ್ತದೆ, ಸಾಮಾನ್ಯವಾಗಿ ಇಳಿಜಾರು ಸೂರಿನ ಮನೆ ಅಥವಾ ಪುಟ್ಟ ಚರ್ಚಿನ ಆಕಾರದಲ್ಲಿ. ಕಲೋನಿನದು ಕೆಳಗೆರಡು, ಮೇಲೊಂದು ಹೀಗೆ ಮೂರು ಪೆಟ್ಟಿಗೆ ಸೇರಿಸಿದಂತೆ; ಉದ್ದ ಸುಮಾರು 220 ಸೆಂ.ಮೀ., ಅಗಲ 110, ಎತ್ತರ 153. ಅಕ್ಕಸಾಲಿಗ ವೆರ್ದನ್ನಿನ ನಿಕೊಲಸ್ 1180ರ ದಶಕದಲ್ಲಿ ಕೈಹಚ್ಚಿದ ಈ ಕೆಲಸ ಮುಗಿದದ್ದು ಸುಮಾರು 1225ಕ್ಕೆ. ಒಂದು ತಲೆಮಾರಿಗೂ ಹೆಚ್ಚು ಕಾಲ, ಹಲವು ಕೈಗಳು.

ಆಮೇಲೆ ಉಬ್ಬು ಕೆಲಸ. ನಮ್ಮಲ್ಲಿ ದೇವರ ಮೂರ್ತಿಗೆ ಬೆಳ್ಳಿ ಕವಚ ಮಾಡುವ ಅಕ್ಕಸಾಲಿಗರ ಕೆಲಸ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 12ನೇ ಶತಮಾನದ ಆರಂಭದಲ್ಲಿ ಥಿಯೊಫಿಲಸ್ ಎಂಬ ಹೆಸರಿನಲ್ಲಿ ಬರೆದ ಸನ್ಯಾಸಿ ಕೊಡುವ ವಿಧಾನ ಹೀಗಿದೆ: ಇಟ್ಟಿಗೆಯನ್ನೋ ಹೆಂಚನ್ನೋ ನುಣ್ಣಗೆ ಪುಡಿಮಾಡಿ, ಕರಗಿದ ರಾಳಕ್ಕೆ ಬೆರೆಸಿ, ಸ್ವಲ್ಪ ಮೇಣ ಸೇರಿಸಬೇಕು. ಈ ಮಿಶ್ರಣದ ಮೇಲೆ ತಗಡು ಕೂರಿಸಿದರೆ ಉಳಿಯ ಏಟಿಗೆ ಲೋಹ ತಗ್ಗುತ್ತದೆ, ಹರಿಯುವುದಿಲ್ಲ. ಹಿಂಬದಿಯಿಂದ ಉಬ್ಬಿಸಿ, ಮುಂಬದಿಯಿಂದ ಗೆರೆ ತಿದ್ದಿ, ಮತ್ತೆ ತಿರುಗಿಸಿ, ಹೀಗೆ ಹಲವು ಸುತ್ತು. ಪ್ರತಿ ಸುತ್ತಿನ ನಡುವೆ ತಗಡನ್ನು ಮಂದಗೆಂಪು ಬರುವಷ್ಟು ಕಾಯಿಸಿ ಹದ ಮಾಡಲೇಬೇಕು, ಏಕೆಂದರೆ ಬಡಿದಷ್ಟೂ ಬೆಳ್ಳಿ ಗಡುಸಾಗುತ್ತದೆ. ಹದ ತಪ್ಪಿದರೆ ಮೊದಲು ಬಿರುಕು ಬಿಡುವುದು ಮೂಗಿನ ತುದಿ, ಮೊಣಕಾಲು, ಬಟ್ಟೆಯ ನೆರಿಗೆಯ ಏಣು. ಹಳೆಯ ಆಕೃತಿಗಳಲ್ಲಿ ಇದೇ ಜಾಗಗಳಲ್ಲಿ ಹಿಂದಿನಿಂದ ಬೆಸೆದ ತೇಪೆ ಕಾಣುತ್ತದೆ.

ಅಂಚಿನ ಹೂಬಳ್ಳಿ ಪಟ್ಟಿಗಳನ್ನು ಒಂದೊಂದಾಗಿ ಬಡಿಯುತ್ತಿರಲಿಲ್ಲ. ಕಬ್ಬಿಣದ ಅಚ್ಚಿನ ಮೇಲೆ ತೆಳು ಬೆಳ್ಳಿ, ಅದರ ಮೇಲೆ ದಪ್ಪ ಸೀಸದ ತುಂಡು, ಮೇಲಿಂದ ಸುತ್ತಿಗೆ ಪೆಟ್ಟು. ಸೀಸ ಮೆತ್ತಗಿದ್ದು ಅಚ್ಚಿನ ಸಂದಿಗಳಿಗೆಲ್ಲ ಬೆಳ್ಳಿಯನ್ನು ಒತ್ತುತ್ತದೆ. ಇಲ್ಲೊಂದು ಅಪಾಯವಿದೆ: ಸೀಸದ ಕಣ ಬೆಳ್ಳಿಗೆ ಅಂಟಿ ಉಳಿದು ಆ ತಗಡು ಮತ್ತೆ ಬೆಂಕಿಗೆ ಹೋದರೆ ಸೀಸ ಬೆಳ್ಳಿಯನ್ನು ತಿಂದು ತೂತು ಮಾಡುತ್ತದೆ.

ಕೊನೆಗೆ ಜೋಡಣೆ. ಉಬ್ಬಿನ ಹಿಂದಿನ ಟೊಳ್ಳಿಗೆ ಮೇಣವನ್ನೋ ರಾಳವನ್ನೋ ತುಂಬಿ, ಪುಟ್ಟ ಮೊಳೆಗಳಿಂದ ತಗಡನ್ನು ಮರಕ್ಕೆ ಬಡಿಯುತ್ತಾರೆ. ಬೆಸುಗೆ ಹಾಕುವ ಹಾಗಿಲ್ಲ, ಮರ ಸುಟ್ಟುಹೋಗುತ್ತದೆ. ಈ ಮೊಳೆಗಳೇ ಮುಂದೆ ತೊಂದರೆಯ ಮೂಲ: ಹವೆಗೆ ತಕ್ಕಂತೆ ಮರ ಹಿಗ್ಗಿ ಕುಗ್ಗುತ್ತದೆ, ಲೋಹ ಹಾಗೆ ಮಾಡುವುದಿಲ್ಲ, ತೂತು ಸಡಿಲವಾಗಿ ಮೊಳೆ ಉದುರುತ್ತದೆ. ಪ್ರತಿ ದುರಸ್ತಿಯೂ ಹೊಸ ತೂತು ಬಿಟ್ಟು ಹೋಗುತ್ತದೆ. ಒಂದು ತಗಡು ಎಷ್ಟು ಸಲ ಬಿಚ್ಚಿ ಕಟ್ಟಿಸಿಕೊಂಡಿದೆ ಎಂಬುದನ್ನು ತೂತುಗಳ ಸಾಲೇ ಹೇಳುತ್ತದೆ.

ಮುಲಾಮು ಹಾಕುತ್ತಿದ್ದುದು ಹೇಗೆ?

ಪಾದರಸದಿಂದ. ಒಂದು ಪಾಲು ಚಿನ್ನಕ್ಕೆ ಎಂಟು ಪಾಲು ಪಾದರಸ ಎಂಬುದು ಥಿಯೊಫಿಲಸನ ಅಳತೆ. ಬಿಸಿ ಮೂಸೆಯಲ್ಲಿ ಎರಡೂ ಸೇರಿ ಬೆಣ್ಣೆಯಂಥ ಮುದ್ದೆಯಾಗುತ್ತದೆ. ಅದನ್ನು ತೊಳೆದು, ಹೆಚ್ಚುವರಿ ಪಾದರಸವನ್ನು ಬಟ್ಟೆಯಲ್ಲಿ ಹಿಂಡಿ ತೆಗೆದು, ಚೊಕ್ಕಟವಾದ ಬೆಳ್ಳಿಯ ಮೇಲೆ ಸವರಿ ಕೆಂಡದ ಮೇಲೆ ಹಿಡಿಯುತ್ತಾರೆ. ಪಾದರಸ ಕುದಿಯುವುದು 357 ಡಿಗ್ರಿ ಸೆಲ್ಸಿಯಸ್‌ಗೆ. ಅದು ಆವಿಯಾಗಿ ಹೋಗಿ ಚಿನ್ನ ಉಳಿಯುತ್ತದೆ. ಆಗ ಅದು ಮಂಕಾದ ಹಳದಿ. ನುಣುಪು ಕಲ್ಲಿನಿಂದಲೋ ಹಲ್ಲಿನಿಂದಲೋ ಉಜ್ಜಿದ ಮೇಲೆಯೇ ಹೊಳಪು.

ಬೆಳ್ಳಿಯ ಮೇಲೆ ಎಣ್ಣೆಯ ಬೆರಳು ಗುರುತಿದ್ದರೆ ಅಲ್ಲಿ ಮುದ್ದೆ ಹಿಡಿಯುವುದಿಲ್ಲ. ಕಾವು ಹೆಚ್ಚಾದರೆ ಚಿನ್ನ ಒಳಗಿನ ಬೆಳ್ಳಿಗೆ ಇಳಿದು ಬಣ್ಣ ಪೇಲವವಾಗುತ್ತದೆ. ಆವಿ ವಿಷ ಎಂಬುದು ಆಗಲೂ ಗೊತ್ತಿತ್ತು, ಖಾಲಿ ಹೊಟ್ಟೆಯಲ್ಲಿ ಈ ಕೆಲಸ ಮಾಡಬೇಡ ಎನ್ನುವ ಎಚ್ಚರಿಕೆ ಥಿಯೊಫಿಲಸನಲ್ಲಿದೆ. ಹೊಟ್ಟೆ ತುಂಬಿದ್ದರೆ ಪಾದರಸ ಬಿಟ್ಟುಬಿಡುತ್ತದೆಂದೇನೂ ಅಲ್ಲ.

ನೀಲಿ ಹಸಿರು ಬಣ್ಣದ ಚಿಕ್ಕ ಪೆಟ್ಟಿಗೆಗಳು ಎಲ್ಲ ಮ್ಯೂಸಿಯಮ್‌ಗಳಲ್ಲೂ ಕಾಣುತ್ತವಲ್ಲ?

ಅವು ಫ್ರಾನ್ಸಿನ ಲಿಮೋಜ್ ಊರಿನ ಎನಾಮಲ್ ಕೆಲಸ. ತಾಮ್ರದ ದಪ್ಪ ತಗಡಿನಲ್ಲಿ ಗುಳಿ ತೋಡಿ, ಬಣ್ಣದ ಗಾಜಿನ ಒದ್ದೆ ಪುಡಿ ತುಂಬಿ, ಕುಲುಮೆಯಲ್ಲಿ ಕಾಯಿಸುವುದು. ಗಾಜು ಕರಗಿದಾಗ ಕುಗ್ಗುವುದರಿಂದ ಎರಡು ಮೂರು ಸಲ ತುಂಬಬೇಕು. ಆಮೇಲೆ ಕಲ್ಲಿನಿಂದ ಸಮನಾಗಿ ತಿಕ್ಕಿ, ಕಟ್ಟಕಡೆಗೆ ಉಳಿದ ತಾಮ್ರಕ್ಕೆ ಮುಲಾಮು. ಈ ಕ್ರಮ ಹಿಂದುಮುಂದಾಗುವ ಹಾಗಿಲ್ಲ, ಎನಾಮಲ್ ಕಾಯಿಸುವ ಬೆಂಕಿಗೆ ಮುಲಾಮು ಉಳಿಯುವುದಿಲ್ಲ. ತಾಮ್ರ ಶುದ್ಧವಾಗಿರಬೇಕು, ಸೀಸ, ತವರ ಬೆರೆತಿದ್ದರೆ ಗಾಜಿನಲ್ಲಿ ಗುಳ್ಳೆ ಏಳುತ್ತದೆ.

ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ 1170ರಲ್ಲಿ ಕೊಲೆಯಾಗಿ 1173ರಲ್ಲಿ ಸಂತನಾದ. ಅವನ ಕೊಲೆಯ ದೃಶ್ಯವಿರುವ ಲಿಮೋಜ್ ಪೆಟ್ಟಿಗೆಗಳೇ ಹತ್ತಾರು ಉಳಿದಿವೆ. ಅವನ ಎಲುಬಿದ್ದ ಕ್ಯಾಂಟರ್ಬರಿಯ ಚಿನ್ನದ ಪೆಟ್ಟಿಗೆಯೋ 1538ರಲ್ಲಿ ಎಂಟನೇ ಹೆನ್ರಿಯ ಆಳುಗಳ ಕೈಗೆ ಸಿಕ್ಕಿ ಹೇಳಹೆಸರಿಲ್ಲದಾಯಿತು. ತಾಮ್ರ ಉಳಿಯಿತು, ಚಿನ್ನ ಹೋಯಿತು. ಇಂದು ನಾವು ನೋಡುವ ಮಧ್ಯಯುಗ ಇದೇ ಕಾರಣಕ್ಕೆ ಸ್ವಲ್ಪ ಓರೆಯಾದದ್ದು.

ಹರಳುಗಳು ಅಸಲಿಯೇ?

ಎಲ್ಲ ಬೆರಕೆ. ನೀಲ, ಗಾರ್ನೆಟ್, ಪಚ್ಚೆ, ಮುತ್ತುಗಳ ಪಕ್ಕದಲ್ಲೇ ಬಣ್ಣದ ಗಾಜು, ಅಡಿಯಲ್ಲಿ ಬಣ್ಣದ ರೇಕು ಇಟ್ಟ ಸ್ಫಟಿಕ. ಆ ಕಾಲದಲ್ಲಿ ಹರಳಿಗೆ ಮುಖ ಕೊಯ್ಯುವ ರೂಢಿ ಇರಲಿಲ್ಲ, ಗೋಲಿಯಂತೆ ದುಂಡಗೆ ಉಜ್ಜುತ್ತಿದ್ದರು. ಕೊಯ್ದ ವಜ್ರದಂಥ ಹರಳು ಕಂಡರೆ ಅದು ನಂತರದ ಸೇರ್ಪಡೆ.

ಕುತೂಹಲದ್ದು ಹಳೆಯ ಗ್ರೀಕ್ ಮತ್ತು ರೋಮನ್ ಕೆತ್ತನೆ ಹರಳುಗಳು. ಕಲೋನಿನ ಪೆಟ್ಟಿಗೆಯಲ್ಲಿ ಇವು ಸುಮಾರು 300 ಇವೆ. ಕ್ರೈಸ್ತರಲ್ಲದವರ ದೇವರುಗಳ, ಅರಸರ ಮುಖಗಳು ಸಂತರ ಪೆಟ್ಟಿಗೆಯ ಮೇಲೆ ಕೂತಿರುವುದು ಅಂದಿನವರಿಗೆ ವಿರೋಧವೆನಿಸಲಿಲ್ಲ. ಹಳೆಯದು, ಅಪರೂಪದ್ದು, ಸಂತರಿಗೆ ಸಲ್ಲಬೇಕಾದ್ದು, ಅಷ್ಟೇ. ಅವುಗಳಲ್ಲಿ ದೊಡ್ಡದಾದ, ಈಜಿಪ್ಟನ್ನು ಆಳಿದ ಟಾಲೆಮಿ ಅರಸರ ಪದಕ 1574ರಲ್ಲಿ ಕಳುವಾಗಿ ಈಗ ವಿಯೆನ್ನಾದಲ್ಲಿದೆ.

ತೋಳಿನಾಕಾರದ ಕರಂಡಕದಲ್ಲಿ ತೋಳಿನ ಎಲುಬೇ ಇರಬೇಕಲ್ಲವೇ?

ಇರಬೇಕೆಂದಿಲ್ಲ. ಬೆಳ್ಳಿಯ ತೋಳು ಜನರನ್ನು ಆಶೀರ್ವದಿಸಲು, ಮೆರವಣಿಗೆಯಲ್ಲಿ ಎತ್ತಿ ಹಿಡಿಯಲು ಅನುಕೂಲ. ಒಳಗೆ ಬೇರೆ ಎಲುಬೂ ಇರಬಹುದು, ಹಲವು ಸಂತರದೂ ಇರಬಹುದು. ಟ್ರಿಯರ್‌ನ ಆರ್ಚ್‌ಬಿಷಪ್ ಎಗ್‌ಬರ್ಟ್ (ಅಧಿಕಾರಾವಧಿ 977–993) ಮಾಡಿಸಿದ ಪೆಟ್ಟಿಗೆಯ ಮೇಲೆ ಚಿನ್ನದ ಪಾದವೊಂದಿದೆ. ಅದು ಸಂತ ಆಂದ್ರೆಯನ ಕಾಲ್ಮೆಟ್ಟಿಗೆ ಮಾಡಿದ್ದು, ಆದರೆ ಅದೇ ಪೆಟ್ಟಿಗೆಯಲ್ಲಿ ಶಿಲುಬೆಯ ಮೊಳೆ, ಸಂತ ಪೇತ್ರನ ಗಡ್ಡದ ಕೂದಲುಗಳಿಗೂ ಜಾಗವಿತ್ತು.

ಫ್ರಾನ್ಸಿನ ಕಾಂಕ್‌ನ ಸಂತ ಫುವಾ ಮೂರ್ತಿ ಇನ್ನೂ ವಿಚಿತ್ರ. 85 ಸೆಂ.ಮೀ. ಎತ್ತರ, ಒಳಗೆ ಯೂ ಮರ, ಹೊರಗೆ ಚಿನ್ನ. ಹನ್ನೆರಡು ಹದಿಮೂರು ವರ್ಷದ ಹುಡುಗಿಯ ಮೂರ್ತಿಗೆ ಗಂಭೀರ ಗಂಡುಮುಖ: ಆ ಚಿನ್ನದ ತಲೆ ರೋಮನ್ ಸಾಮ್ರಾಜ್ಯದ ಕೊನೆಗಾಲದ್ದು, ತಂದು ಜೋಡಿಸಿದ್ದು. ತಲೆಬುರುಡೆ ಇರುವುದು ತಲೆಯಲ್ಲಲ್ಲ, ಬೆನ್ನಿನ ಪೊಟರೆಯಲ್ಲಿ.

ಭಕ್ತರು ಒಳಗಿನದನ್ನು ನೋಡಬಹುದಿತ್ತೇ?

ಮೊದಮೊದಲು ಇಲ್ಲ. 1215ರ ನಾಲ್ಕನೇ ಲ್ಯಾಟರನ್ ಧರ್ಮಸಭೆ ಹಳೆಯ ಅವಶೇಷಗಳನ್ನು ಕರಂಡಕದಿಂದ ಹೊರಗೆ ತೆಗೆದು ತೋರಿಸಬಾರದು, ಮಾರಾಟಕ್ಕಿಡಬಾರದು, ಹೊಸದನ್ನು ಪೋಪರ ಒಪ್ಪಿಗೆಯಿಲ್ಲದೆ ಪೂಜಿಸಬಾರದು ಎಂದಿತು. ತೆರೆಯಬಾರದು, ಜನಕ್ಕೆ ನೋಡಬೇಕು. 13ನೇ ಶತಮಾನದಿಂದ ಸ್ಫಟಿಕದ ಕೊಳವೆ, ಕಿಟಕಿ ಇರುವ ಕರಂಡಕಗಳು ಹೆಚ್ಚಾದುದಕ್ಕೆ ಇದೂ ಒಂದು ಕಾರಣ. ಕಲೋನಿನಲ್ಲಿ ಜನವರಿ 6ರ ಹಬ್ಬಕ್ಕೆ ಮುಂಬದಿಯ ಒಂದು ತಗಡು ತೆಗೆಯುತ್ತಾರೆ. ಜಾಲರಿಯ ಹಿಂದೆ ಕಿರೀಟ ತೊಟ್ಟ ಮೂರು ತಲೆಬುರುಡೆ ಕಾಣುತ್ತವೆ.

ಭಂಡಾರದ ಕೀಲಿ ಯಾರ ಬಳಿ ಇರುತ್ತಿತ್ತು?

ಒಬ್ಬರ ಬಳಿ ಅಲ್ಲ, ಅದೇ ನಿಯಮ. ಭಂಡಾರ ಸಾಮಾನ್ಯವಾಗಿ ಗರ್ಭಭಾಗಕ್ಕೆ ಹತ್ತಿರದ ಕಮಾನು ಕೋಣೆ: ಕಲ್ಲಿನ ಸೂರು (ಬೆಂಕಿಯ ಭಯ), ಕಬ್ಬಿಣ ಬಿಗಿದ ಬಾಗಿಲು, ಎರಡು ಮೂರು ಬೀಗ, ಒಂದೊಂದು ಕೀಲಿ ಒಬ್ಬೊಬ್ಬ ಅಧಿಕಾರಿಯ ಕೈಯಲ್ಲಿ. ಭಂಡಾರಿ ಹೊಸಬನಾದಾಗ ಹಳೆಯ ಪಟ್ಟಿ ಹಿಡಿದು ಒಂದೊಂದನ್ನೂ ತಾಳೆ ನೋಡಿ ವಹಿಸಿಕೊಳ್ಳಬೇಕು.

ಜರ್ಮನಿಯ ಆಖೆನ್‌ನ ಪದ್ಧತಿ ಎಲ್ಲಕ್ಕಿಂತ ಬಿಗಿ. 1239ರಲ್ಲಿ ಪೂರ್ಣಗೊಂಡ ಮರಿಯಮ್ಮನವರ ಪೆಟ್ಟಿಗೆಯಲ್ಲಿ ನಾಲ್ಕು ವಸ್ತ್ರಗಳಿವೆ. 1349ರಿಂದ ಏಳು ವರ್ಷಕ್ಕೊಮ್ಮೆ ಅವನ್ನು ಜನರಿಗೆ ತೋರಿಸುವ ರೂಢಿ. ಒಳಗಿಟ್ಟ ಮೇಲೆ ಬೀಗ ಹಾಕಿ, ಕೀಲಿತೂತಿಗೆ ಕರಗಿದ ಸೀಸ ಹೊಯ್ದು, ಕೀಲಿಯನ್ನು ಗರಗಸದಿಂದ ಎರಡು ಮಾಡಿ ಒಂದು ಚರ್ಚಿಗೆ, ಇನ್ನೊಂದು ನಗರಕ್ಕೆ ಕೊಡುತ್ತಾರೆ. ಮುಂದಿನ ಸಲ ತೆರೆಯಬೇಕೆಂದರೆ ಬೀಗ ಒಡೆಯದೆ ದಾರಿಯಿಲ್ಲ. ಇತ್ತೀಚಿನ ಪ್ರದರ್ಶನ ಕೋವಿಡ್‌ನಿಂದ ತಡವಾಗಿ 2023ರಲ್ಲಿ ನಡೆಯಿತು. ಅದೇ ಚರ್ಚಿನಲ್ಲಿ ಶಾರ್ಲ್‌ಮೇನ್ ಚಕ್ರವರ್ತಿಯ ಪೆಟ್ಟಿಗೆಗೆ 1215ರ ಜುಲೈನಲ್ಲಿ ದೊರೆ ಎರಡನೇ ಫ್ರೆಡರಿಕ್ ಮೇಲಂಗಿ ಕಳಚಿಟ್ಟು ತಾನೇ ಮೊಳೆ ಹೊಡೆದ.

ಭಂಡಾರವನ್ನು ಖಜಾನೆಯಂತೆಯೂ ಬಳಸುತ್ತಿದ್ದರೇ?

ಖಂಡಿತ. ಭಂಡಾರದ ಪಟ್ಟಿಗಳನ್ನು ಓದಿದರೆ ಕಲೆಯ ವರ್ಣನೆ ಒಂದು ಸಾಲು, ಆಮೇಲೆ ತೂಕ. ಆಗಿನ ತೂಕದ ಅಳತೆ ಮಾರ್ಕ್; ಪ್ಯಾರಿಸ್‌ನ ಮಾರ್ಕ್ ಸುಮಾರು 245 ಗ್ರಾಂ, ಕಲೋನಿನದು 234. ತೂಕ ಬರೆದಿಡುವುದು ಕಳ್ಳತನ ಪತ್ತೆಗೂ ಹೌದು, ಬರಗಾಲ, ಯುದ್ಧ, ಚರ್ಚಿನ ಹೊಸ ಕಟ್ಟಡಕ್ಕೆ ಕರಗಿಸಬೇಕಾದಾಗಲೂ ಹೌದು. ಕರಗಿಸಿದಾಗ ಅವಶೇಷವನ್ನು ತೆಗೆದು ಮರದ ಪೆಟ್ಟಿಗೆಗೆ ಹಾಕಿದರಾಯಿತು, ಪಾವಿತ್ರ್ಯ ಲೋಹದ್ದಲ್ಲ. ಅಕ್ಕಸಾಲಿಗನ ಕೂಲಿ ಮಾತ್ರ ಬೆಂಕಿಯಲ್ಲಿ ಹೋಗುತ್ತದೆ, ಆದ್ದರಿಂದ ಇದು ನಷ್ಟದ ಉಳಿತಾಯ.

ಅವಶೇಷವನ್ನೇ ಅಡವಿಟ್ಟದ್ದೂ ಉಂಟು. ಕಾನ್‌ಸ್ಟಾಂಟಿನೋಪಲ್‌ನ ಲ್ಯಾಟಿನ್ ಚಕ್ರವರ್ತಿ ಎರಡನೇ ಬಾಲ್ಡ್‌ವಿನ್‌ನ ಕಾಲದಲ್ಲಿ ಸಾಲ ಕೊಟ್ಟ ವೆನಿಸ್‌ನವರ ಕೈ ಸೇರಿದ್ದ, ಯೇಸುವಿಗೆ ತೊಡಿಸಿದ್ದೆಂದು ನಂಬಿದ ಮುಳ್ಳಿನ ಕಿರೀಟವನ್ನು ಫ್ರಾನ್ಸಿನ ಒಂಬತ್ತನೇ ಲೂಯಿ ಬಿಡಿಸಿಕೊಂಡು 1239ರಲ್ಲಿ ಪ್ಯಾರಿಸ್‌ಗೆ ತಂದ. ಸಾಮಾನ್ಯವಾಗಿ ಹೇಳುವ ಲೆಕ್ಕ: ಕಿರೀಟಕ್ಕೆ 1,35,000 ಲಿವ್ರ್ (ಆಗಿನ ಫ್ರೆಂಚ್ ಹಣ), ಅದನ್ನಿಡುವ ದೊಡ್ಡ ಪೆಟ್ಟಿಗೆಗೆ 1,00,000, ಇದಕ್ಕೆಲ್ಲ ಸೂರಾಗಿ 1248ರಲ್ಲಿ ಪ್ರತಿಷ್ಠೆಯಾದ ಸೆಂತ್ ಶಾಪೆಲ್ ಕಟ್ಟಡಕ್ಕೆ ಬರೀ 40,000. ಇಂದು ಪ್ರವಾಸಿಗರು ಕಟ್ಟಡದ ಬಣ್ಣದ ಗಾಜು ನೋಡಿ ಬೆರಗಾಗುತ್ತಾರೆ. ಅದರ ಎರಡೂವರೆ ಪಟ್ಟು ಬೆಲೆಯ ಪೆಟ್ಟಿಗೆ ಫ್ರೆಂಚ್ ಕ್ರಾಂತಿಯಲ್ಲಿ ಕರಗಿಹೋಯಿತು.

ಹಾಗಾದರೆ ಉಳಿದವು ಹೇಗೆ ಉಳಿದವು?

ಬಚ್ಚಿಟ್ಟವರಿಂದ. ಕ್ರಾಂತಿಯ ಕಾಲದಲ್ಲಿ ಕಾಂಕ್ ಊರಿನವರು ಭಂಡಾರದ ವಸ್ತುಗಳನ್ನು ತಾವೇ ಅಡಗಿಸಿಟ್ಟರು. ಈಗ ಬೆಲ್ಜಿಯಮ್‌ನಲ್ಲಿರುವ ಉವಾನಿ ಮಠದಲ್ಲಿ 13ನೇ ಶತಮಾನದ ಅಕ್ಕಸಾಲಿಗ ಹ್ಯೂಗೊ ಮಾಡಿದ ಕೆಲಸಗಳು, ತಂತಿ ಕುಸುರಿಯಲ್ಲಿ ಸಾಟಿಯಿಲ್ಲದವು, ಕ್ರಾಂತಿಯ ಸೈನ್ಯ ಬಂದಾಗ ಗೋಡೆಯೊಳಗೆ ಸೇರಿದವು. ಎರಡನೇ ಮಹಾಯುದ್ಧದಲ್ಲಿ ಮತ್ತೆ ನೆಲದಡಿ ಹೋದವು. ಈಗ ಅವು ನಾಮೂರ್ ಮ್ಯೂಸಿಯಮ್‌ನಲ್ಲಿವೆ. ಕಲೋನಿನ ಪೆಟ್ಟಿಗೆಯನ್ನು 1794ರಲ್ಲಿ ಫ್ರೆಂಚರಿಂದ ತಪ್ಪಿಸಿ ಸಾಗಿಸಿದರು. ಮರಳಿದಾಗ ಎಷ್ಟೋ ಭಾಗ ಕಾಣೆಯಾಗಿದ್ದು, 1807ರ ದುರಸ್ತಿಯಲ್ಲಿ ಗಿಡ್ಡವಾಯಿತು. 1961ರಿಂದ 1973ರ ತನಕ ನಡೆದ ಕೆಲಸದಲ್ಲಿ ಮೂಲ ಉದ್ದ ಮರಳಿತು.

ಸ್ವಿಟ್ಜರ್‌ಲೆಂಡಿನ ಬಾಸೆಲ್‌ನ ಗತಿ ಬೇರೆ. ಅದು ಪ್ರಾಟೆಸ್ಟಂಟ್ ಊರಾದ ಮೇಲೂ ಮುನ್ನೂರು ವರ್ಷ ಭಂಡಾರವನ್ನು ಬೀಗ ಹಾಕಿ ಕಾಯ್ದಿತ್ತು. 1833ರಲ್ಲಿ ಪ್ರಾಂತ್ಯ ಎರಡು ಹೋಳಾದಾಗ ಆಸ್ತಿ ಹಂಚಿಕೆಯಲ್ಲಿ ಮೂರನೇ ಎರಡು ಪಾಲು ಹಳ್ಳಿ ಭಾಗಕ್ಕೆ ಹೋಗಿ 1836ರಲ್ಲಿ ಹರಾಜಾಯಿತು. ಲಂಡನ್‌ನ ಬ್ರಿಟಿಷ್ ಮ್ಯೂಸಿಯಮ್‌ನಲ್ಲಿರುವ ಸಂತ ಯುಸ್ಟೇಸ್‌ನ ಬೆಳ್ಳಿ ತಲೆ ಅಲ್ಲಿಯದೇ. 1950ರ ದಶಕದಲ್ಲಿ ಸ್ವಚ್ಛಗೊಳಿಸಲು ಬೆಳ್ಳಿ ಕಳಚಿದಾಗ ಮರದ ತಲೆಯ ಒಳಗೆ ಬಟ್ಟೆ ಸುತ್ತಿದ ಅವಶೇಷಗಳು ಹಾಗೆಯೇ ಇದ್ದವು. ನೂರು ವರ್ಷ ಮ್ಯೂಸಿಯಮ್‌ನಲ್ಲಿದ್ದರೂ ಯಾರಿಗೂ ಗೊತ್ತಿರಲಿಲ್ಲ. ಅವನ್ನು ಬಾಸೆಲ್‌ಗೆ ಮರಳಿಸಲಾಯಿತು.

ನಕಲಿಯನ್ನು ಗುರುತಿಸುವುದು ಹೇಗೆ?

ಮುಂಬದಿ ಬಿಟ್ಟು ಹಿಂಬದಿಯಿಂದ ಶುರುಮಾಡಿ. ಕೈಯಿಂದ ಬಡಿದ ತಗಡು ಎಲ್ಲೆಡೆ ಒಂದೇ ದಪ್ಪ ಇರುವುದಿಲ್ಲ. ಒಂದೇ ದಪ್ಪ ಇದ್ದರೆ ಯಂತ್ರದ್ದೆಂದು ಅನುಮಾನಿಸಿ. ಹಳೆಯ ಮುಲಾಮಿನಲ್ಲಿ ಪಾದರಸದ ಸುಳಿವು ಇರುತ್ತದೆ, 1840ರ ನಂತರದ ವಿದ್ಯುತ್ ಲೇಪನದಲ್ಲಿ ಇರುವುದಿಲ್ಲ. ಹಳೆಯ ಬೆಳ್ಳಿಯಲ್ಲಿ ಸ್ವಲ್ಪ ಚಿನ್ನ, ಸೀಸ ಉಳಿದಿರುತ್ತದೆ. ವಿಪರೀತ ಶುದ್ಧ ಬೆಳ್ಳಿ ಹೊಸದು. ಎಕ್ಸ್‌ರೇ ಪ್ರತಿದೀಪ್ತಿ ಪರೀಕ್ಷೆಯಿಂದ ಇದನ್ನು ಏನನ್ನೂ ಕೆರೆಯದೆ ತಿಳಿಯಬಹುದು. ಆದರೆ ಪಾದರಸ ಸಿಕ್ಕ ಮಾತ್ರಕ್ಕೆ ಅಸಲಿ ಎನ್ನಬೇಡಿ, ಆ ವಿದ್ಯೆ ಇಂದಿಗೂ ಬಲ್ಲವರಿದ್ದಾರೆ.

ದೊಡ್ಡ ವಂಚನೆ ವಿಯೆನ್ನಾದಲ್ಲಿ ನಡೆಯಿತು. 1400ಕ್ಕೆ ಸ್ವಲ್ಪ ಮುಂಚೆ ಪ್ಯಾರಿಸ್‌ನಲ್ಲಿ ಬೆರ್ರಿಯ ಡ್ಯೂಕ್ ಜಾನ್‌ಗಾಗಿ ಮಾಡಿದ ಚಿನ್ನದ ಪವಿತ್ರ ಮುಳ್ಳಿನ ಕರಂಡಕವನ್ನು 1860ರ ದಶಕದಲ್ಲಿ ದುರಸ್ತಿಗೆಂದು ಸಾಲೊಮನ್ ವೈನಿಂಗರ್‌ಗೆ ಕೊಟ್ಟರು. ಅವನು ನಕಲು ಮಾಡಿ, ನಕಲನ್ನು ಹಿಂತಿರುಗಿಸಿ, ಅಸಲನ್ನು ಮಾರಿದ. ಅಸಲು 1898ರಲ್ಲಿ ಬ್ರಿಟಿಷ್ ಮ್ಯೂಸಿಯಮ್ ಸೇರಿತು.

ಕಪ್ಪಾದ ಬೆಳ್ಳಿಯನ್ನು ತಿಕ್ಕಿ ಬೆಳಗಬಹುದೇ?

ಬೇಡ. ಮುಲಾಮಿನ ದಪ್ಪ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗ. ಪ್ರತಿ ತಿಕ್ಕಾಟಕ್ಕೂ ಅಷ್ಟಷ್ಟು ಹೋಗುತ್ತದೆ, ಮೊದಲು ಉಬ್ಬಿನ ತುದಿಗಳಲ್ಲಿ. ಹುಣಸೆಹಣ್ಣು, ಸೋಡಾ, ಅದ್ದಿ ತೆಗೆಯುವ ದ್ರಾವಣ ಯಾವುದೂ ಆಗದು: ದ್ರವ ಮೊಳೆತೂತಿನಿಂದ ಮರಕ್ಕೂ ಒಳಗಿನ ರೇಷ್ಮೆಗೂ ಇಳಿಯುತ್ತದೆ. ಕಪ್ಪಿಗೆ ಕಾರಣ ಗಾಳಿಯಲ್ಲಿನ ಗಂಧಕ. ಉಣ್ಣೆ ಬಟ್ಟೆ, ರಬ್ಬರ್ ಹಾಸು ಹತ್ತಿರವಿದ್ದರೆ ಬೇಗ ಕಪ್ಪಾಗುತ್ತದೆ, ಮೊದಲು ಅವನ್ನು ತೆಗೆಯಿರಿ. ಕೈಗವಸು ಇಲ್ಲದೆ ಮುಟ್ಟಬೇಡಿ. ಲೋಹಕ್ಕೆ ಒಣ ಹವೆ ಒಳ್ಳೆಯದು, ಮರಕ್ಕೆ ತೀರಾ ಒಣಗಿದರೆ ಬಿರುಕು. ಶೇ 50ರ ಆಸುಪಾಸಿನ ಏರಿಳಿತವಿಲ್ಲದ ತೇವಾಂಶ ಇಬ್ಬರಿಗೂ ಒಪ್ಪಿತವಾದ ರಾಜಿ.

ಅವಶೇಷವಿರುವ ಕರಂಡಕವನ್ನು ಕೊಳ್ಳಬಹುದೇ?

ಪವಿತ್ರ ಅವಶೇಷಗಳ ಮಾರಾಟವನ್ನು ಕ್ಯಾಥೊಲಿಕ್ ಧರ್ಮವಿಧಿ (1983, ವಿಧಿ 1190) ಸಂಪೂರ್ಣ ನಿಷೇಧಿಸುತ್ತದೆ. ‘ಪೆಟ್ಟಿಗೆಗೆ ಮಾತ್ರ ಬೆಲೆ, ಒಳಗಿನದು ಉಡುಗೊರೆ’ ಎನ್ನುವ ಮಾರಾಟಗಾರರಿಂದ ದೂರವಿರಿ.

ನಮಗೆ ಹತ್ತಿರದಲ್ಲಿ ನೋಡಲು ಏನಿದೆ?

ಮಧ್ಯಯುಗದ್ದು ಇಲ್ಲ. ಆದರೆ ಅದೇ ಪರಂಪರೆಯ ಒಳ್ಳೆಯ ಉದಾಹರಣೆ ಕಾರವಾರ, ಬೆಳಗಾವಿಯವರಿಗೆ ಒಂದು ದಿನದ ದಾರಿಯಲ್ಲಿದೆ: ಹಳೆ ಗೋವಾದ ಬೊಮ್ ಜೀಸಸ್ ಬಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್‌ರ ಬೆಳ್ಳಿ ಪೆಟ್ಟಿಗೆ. 1636–37ರಲ್ಲಿ ಗೋವೆಯ ಅಕ್ಕಸಾಲಿಗರೇ ಮಾಡಿದ್ದು, ಸಂತರ ಬದುಕಿನ ದೃಶ್ಯಗಳ ಉಬ್ಬು ತಗಡುಗಳು ಸುತ್ತಲೂ ಇವೆ. ಅದರ ಕೆಳಗಿನ ಅಮೃತಶಿಲೆ ಪೀಠ ಟಸ್ಕನಿಯ ಗ್ರ್ಯಾಂಡ್ ಡ್ಯೂಕ್ ಮೂರನೇ ಕೋಸಿಮೊ ಕಳಿಸಿದ್ದು, 1698ರಲ್ಲಿ ಜೋಡಣೆಯಾಯಿತು. ಪೆಟ್ಟಿಗೆ ಎತ್ತರದಲ್ಲಿದೆ, ಬರಿಗಣ್ಣಿಗೆ ವಿವರ ಸಿಗದು. ಪುಟ್ಟ ದುರ್ಬೀನು ಒಯ್ದರೆ ತಗಡಿನ ಅಂಚಿನ ಜೋಡಣೆಯೂ ಕಾಣುತ್ತದೆ.